ಜೆಟ್ ಕಾರನ್ನು ನಿಲ್ಲಿಸುವ ನೋಲೀನ್

ಬೆಳಗಿನ ಜಾವದ ಮಸುಕಿನಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಒಣ ಉಪ್ಪುಕೆರೆ ಲೇಕ್ ಡೆನ್‌ಹಾಮ್‌ನ ಉಪ್ಪು ಇನ್ನೂ ಬೆಳ್ಳಗಾಗಿಲ್ಲ. ಒಲೆಯ ಬೂದಿಯ ಬಣ್ಣದಲ್ಲಿದೆ. ದಡದ ಕೆಂಪು ಮಣ್ಣಿನ ಮೇಲಿನ ಗುಡಾರಗಳಲ್ಲಿ ಯಾರೋ ಕೆಮ್ಮುತ್ತಾರೆ, ಯಾರದೋ ಜನರೇಟರ್ ಗುರುಗುಟ್ಟಿ ಸುಮ್ಮನಾಗುತ್ತದೆ. ಕೆರೆಯ ಅಂಚಿನಲ್ಲಿ ಹಾಸಿದ ಉದ್ದನೆಯ ಹಸಿರು ಟಾರ್ಪಾಲಿನ ಮೇಲೆ ಅರವತ್ತೆಂಟು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕುಳಿತು ಬಟ್ಟೆ ಮಡಚುತ್ತಿದ್ದಾರೆ. ಒಂದು ಮಡಿಕೆ, ಅಂಗೈಯಿಂದ ಒಮ್ಮೆ ಸವರುವುದು. ಇನ್ನೊಂದು ಮಡಿಕೆ, ಮತ್ತೆ ಸವರುವುದು. ತಲೆಗೆ ಕೆಂಪು ಉಣ್ಣೆ ಟೋಪಿ. ಬೆರಳಲ್ಲಿ ಉಂಗುರವಿಲ್ಲ. ಉಗುರುಗಳನ್ನು ಚರ್ಮದವರೆಗೂ ಕತ್ತರಿಸಿಕೊಂಡಿದ್ದಾರೆ.

ಶಿಬಿರದ ನರ್ಸ್ ಆದ ನಾನು ಚಹಾದ ಲೋಟ ಹಿಡಿದು ಹತ್ತಿರ ಹೋಗುವಷ್ಟರಲ್ಲಿ ಮಡಚು ಕುರ್ಚಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ನೊಣ ಹೊಡೆಯುವ ಬಡಿಗೆಯನ್ನು ಅಡ್ಡ ಹಿಡಿಯುತ್ತಾರೆ. ಅವರು ಕ್ಲಾರಿ ಟ್ರೆಜೀಸ್, ರೈಲ್ವೆ ಹಳಿ ರಿಪೇರಿಯ ಕೆಲಸದಿಂದ ನಿವೃತ್ತರಾದವರು, ಆ ಹೆಂಗಸಿನ ಗಂಡ.

"ಅಲ್ಲೇ ನಿಂತ್ಕೊಳ್ಳಿ ಸಿಸ್ಟರ್. ಟೋಪಿ ಹಾಕ್ಕೊಂಡಿದ್ದಾಳೆ."

"ಚಹಾ ಕೊಟ್ಟು ಹೋಗ್ತೀನಿ ಅಷ್ಟೇ."

"ಕೆಂಪು ಟೋಪಿ ತಲೆ ಮೇಲಿದ್ದಾಗ ಅವಳಿಗೆ ಗಂಡನೂ ಇಲ್ಲ, ಚಹಾನೂ ಇಲ್ಲ. ಮನೇಲೂ ಒಂದು ಟೋಪಿ ಇಟ್ಕೊಳ್ಳೇ ಅಂದೆ. ನಿನ್ ಮಾತು ಕೇಳದೇ ಇರೋಕೆ ನಂಗೆ ಟೋಪಿ ಬೇಕಾಗಿಲ್ಲ ಅಂದ್ಲು. ಆ ಚಹಾ ಇಲ್ಲಿ ಕೊಡಿ, ಆರಿಹೋಗತ್ತೆ."

ನೋಲೀನ್ ಟ್ರೆಜೀಸ್ ಮಡಚುತ್ತಿರುವುದು ಪ್ಯಾರಾಚೂಟ್. ಆಕಾಶದಿಂದ ಇಳಿಯುವವರದಲ್ಲ, ನೆಲದ ಮೇಲೆ ಓಡುವ ಕಾರಿನದು. ಅಲ್ಲಿ, ಇನ್ನೂರು ಗಜದಾಚೆ, ಹೊದಿಕೆಯೊಳಗೆ ಮಲಗಿರುವ 'ಗಾಲಾ' ಎಂಬ ಜೆಟ್ ಕಾರು ಇವತ್ತು ಈ ಉಪ್ಪಿನ ಮೇಲೆ ಗಂಟೆಗೆ ಏಳುನೂರು ಕಿಲೋಮೀಟರ್ ದಾಟಬೇಕು ಎಂದುಕೊಂಡಿದೆ. ಆ ವೇಗದಲ್ಲಿ ಬ್ರೇಕ್ ಒತ್ತಿದರೆ ಬ್ರೇಕ್ ಕರಗಿಹೋಗುತ್ತದೆ. ಕಾರಿನ ಬಾಲದಿಂದ ಹೊರಹಾರುವ ಈ ಬಟ್ಟೆ ಗಾಳಿ ತುಂಬಿಕೊಂಡು ಹಿಂದಕ್ಕೆ ಜಗ್ಗಬೇಕು. ಬಟ್ಟೆ ಬಿಚ್ಚಿಕೊಂಡರೆ ಚಾಲಕಿ ಮಧ್ಯಾಹ್ನದ ಊಟಕ್ಕೆ ಬರುತ್ತಾಳೆ.

ಇವತ್ತು ಶನಿವಾರ, ವರ್ಷಕ್ಕೊಮ್ಮೆ ಇಲ್ಲಿ ನಡೆಯುವ ವೇಗದ ವಾರದ ಕೊನೆಯ ದಿನ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ. ಮಳೆ ಬಿದ್ದರೆ ಕೆರೆ ಕೆಸರಾಗುತ್ತದೆ, ಮತ್ತೆ ಬರುವ ವರ್ಷದ ಮಾರ್ಚ್‌ವರೆಗೆ ಕಾಯಬೇಕು. ಬುಧವಾರ ಕೈಗೆ ಬಂದಿದ್ದ ದಾಖಲೆ ತಪ್ಪಿಹೋಯಿತು. ತಪ್ಪಿಸಿದ್ದು ಇದೇ ಕೆಂಪು ಟೋಪಿಯ ಹೆಂಗಸು ಎಂದು ಶಿಬಿರದಲ್ಲಿ ಎಲ್ಲರಿಗೂ ಗೊತ್ತು. ಆದರೂ ಇವತ್ತು ಮಡಚುತ್ತಿರುವುದು ಅವರೇ.

ನೋಲೀನ್ ಪೋರ್ಟ್ ಪಿರಿಯಲ್ಲಿ ಹುಟ್ಟಿದವರು. ಅಪ್ಪ ಸೀಸ ಕರಗಿಸುವ ಕಾರ್ಖಾನೆಯಲ್ಲಿದ್ದರು. ಶಾಲೆ ಹಿಡಿಸಲಿಲ್ಲ, ಶಾಲೆಗೂ ಇವರು ಹಿಡಿಸಲಿಲ್ಲ. ಹದಿನೈದಕ್ಕೆ ಪೋರ್ಟ್ ಆಗಸ್ಟಾದ ಟಾರ್ಪಾಲು ಹೊಲಿಯುವ ಶೆಡ್ ಸೇರಿದರು. ಲಾರಿಯ ಹೊದಿಕೆ, ದೋಣಿಯ ಹಾಯಿ, ಕುರಿಮಂದೆಯವರ ನೀರಿನ ಚೀಲ, ರೈಲು ಬೋಗಿಯ ಪರದೆ, ಹೊಲಿಯದ ವಸ್ತುವಿಲ್ಲ. ಮೂವತ್ತರ ಹೊತ್ತಿಗೆ ಆ ಶೆಡ್ಡನ್ನೇ ಕೊಂಡರು. ಈಗಲೂ ಅದು ಅವರದೇ. ನಮ್ಮ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಮಾಂಸದ ಕಡುಬು ಮಾರುವ ಬೇಕರಿಗೆ ಅಂಟಿಕೊಂಡೇ ಇದೆ. ಹಾಗಾಗಿ ಅವರು ಹೊಲಿಯುವ ಬಟ್ಟೆಗೆಲ್ಲ ಸ್ವಲ್ಪ ಕಡುಬಿನ ವಾಸನೆ.

"ಪ್ಯಾರಾಚೂಟ್ ಹಿಡಿದದ್ದು ಆಕಸ್ಮಿಕ," ಎನ್ನುತ್ತಾರೆ. "ಒಂದು ಮಾರ್ಚ್‌ನಲ್ಲಿ ಲಿಂಡ್ಸೆ ಬಂದ. ಮೈಯೆಲ್ಲಾ ಉಪ್ಪು, ಕೈಯಲ್ಲೊಂದು ಹರಿದ ಚಿಂದಿ. ಇದನ್ನ ಹೊಲಿದುಕೊಡ್ತೀಯಾ ಅಂದ. ಏನಿದು, ನಿನ್ನ ಹೆಂಡ್ತಿ ಸ್ಕರ್ಟಾ ಅಂದೆ. ಪಾಪ, ಕೆಂಪಗಾಗಿಬಿಟ್ಟ."

ಲಿಂಡ್ಸೆ ಹಾರ್ಟ್‌ವಿಗ್ ಗೋಧಿ ಬೆಳೆಗಾರ. ಗೋಧಿಯ ಶೆಡ್ಡಿನಲ್ಲಿ, ವಾಯುಪಡೆ ಹರಾಜು ಹಾಕಿದ ಹಳೆಯ ತರಬೇತಿ ವಿಮಾನದ ಎಂಜಿನ್ ತಂದು, ಅದರ ಸುತ್ತ ಕಾರು ಕಟ್ಟಿದವನು. ನಮ್ಮ ಬೇಲಿಗಳ ಮೇಲೆ ಕೂತು ಕಿರುಚಾಡುವ ಗುಲಾಬಿ ಎದೆಯ ಗಿಳಿಯ ಬಣ್ಣವನ್ನೇ ಬಳಿದು ಅದಕ್ಕೆ ಆ ಗಿಳಿಯ ಹೆಸರನ್ನೇ ಇಟ್ಟ. ಇಲ್ಲಿ ಪೆದ್ದನನ್ನೂ ಗಾಲಾ ಎಂದೇ ಬೈಯುತ್ತಾರೆ. "ಎರಡೂ ಅರ್ಥ ಸರಿಯಾಗೇ ಇದೆ," ಎನ್ನುತ್ತಾರೆ ನೋಲೀನ್.

ಹರಿದದ್ದನ್ನು ಹೊಲಿದದ್ದಾಯಿತು. ಆದರೆ ಮಡಚುವುದು ಬೇರೆಯೇ ವಿದ್ಯೆ. ಅದನ್ನು ಕಲಿಯಲು ಅಡಿಲೇಡಿನಲ್ಲಿದ್ದ ನಿವೃತ್ತ ಸೈನಿಕರೊಬ್ಬರ ಮನೆಗೆ ಚಳಿಗಾಲವಿಡೀ ಬಸ್ಸಿನಲ್ಲಿ ಓಡಾಡಿದರು. ಬಟ್ಟೆಯನ್ನು ಪೂರ್ತಿ ಚಾಚಿ, ಹಗ್ಗಗಳನ್ನು ಒಂದೊಂದಾಗಿ ಬಿಡಿಸಿ, ಹಾವು ಹರಿದಂತೆ ಹಿಂದೆ ಮುಂದೆ ಮಡಚಿ ಚೀಲಕ್ಕೆ ತುಂಬಬೇಕು. ಹಗ್ಗದ ಕುಣಿಕೆಗಳನ್ನು ರಬ್ಬರ್ ಬ್ಯಾಂಡಿಗೆ ಸಿಗಿಸಬೇಕು. ಚೀಲದ ತುದಿಗೆ ಒಂದು ಮರಿ ಪ್ಯಾರಾಚೂಟ್. ಮೊದಲು ಮರಿ ಹೊರಹಾರಿ ತಾಯಿಯನ್ನು ಎಳೆಯುತ್ತದೆ. ಎಲ್ಲಿಯಾದರೂ ಒಂದು ಹಗ್ಗ ಇನ್ನೊಂದರ ಮೇಲೆ ಹತ್ತಿದರೆ ಬಟ್ಟೆ ಅರಳುವುದಿಲ್ಲ. ಈ ವಾರದಲ್ಲಿ ಕೆರೆಗೆ ಬರುವ ಹತ್ತಾರು ತಂಡಗಳಿಗೂ ಇವರೇ ಮಡಚಿಕೊಡುತ್ತಾರೆ. ಬೆಳಗಿನಿಂದ ಕತ್ತಲಾಗುವವರೆಗೆ ದಿನಕ್ಕೆ ಹತ್ತೋ ಹನ್ನೆರಡೋ ಚೀಲ. ಮಂಡಿ ಬಾತುಕೊಂಡರೆ ನನ್ನ ಪ್ರಥಮ ಚಿಕಿತ್ಸೆಯ ಗುಡಾರಕ್ಕೆ ಬಂದು ಮಂಜುಗಡ್ಡೆ ಕಟ್ಟಿಸಿಕೊಂಡು ಮತ್ತೆ ಹೋಗುತ್ತಾರೆ.

ಆರು ವರ್ಷದ ಹಿಂದಿನ ಮಾರ್ಚ್‌ನಲ್ಲಿ ಅವರಿಗೆ ಕೆಂಪು ಟೋಪಿ ಇರಲಿಲ್ಲ.

ಆಗ ಗಾಲಾ ಓಡಿಸುತ್ತಿದ್ದದ್ದು ಸ್ಟಾವ್ ಮಾವ್ರಾಕಿಸ್, ಸೆಡೂನಾದ ಕಡಲಲ್ಲಿ, ಜನ ತಿನ್ನುವ ಸಿಂಪಿ ಸಾಕುವವನು. ಮಾತಿನ ಮಲ್ಲ. ನೋಲೀನ್ ಮಡಚಿದ ಚೀಲವನ್ನು ಪ್ರತಿಸಲ ಮುತ್ತಿಟ್ಟು ಕಾರಿಗೆ ಹಾಕಿಸುತ್ತಿದ್ದ. ಆ ದಿನವೂ ಮುತ್ತಿಟ್ಟ. ಓಟ ಚೆನ್ನಾಗಿಯೇ ಹೋಯಿತು. ಗೆರೆ ದಾಟಿದ ಮೇಲೆ ಪ್ಯಾರಾಚೂಟ್ ಹೊರಬಂತು, ಆದರೆ ಅರಳಲಿಲ್ಲ. ಒಗೆದು ಹಿಂಡಿದ ಸೀರೆಯ ಹಾಗೆ ಕಾರಿನ ಹಿಂದೆ ಉದ್ದಕ್ಕೆ ಬಡಿದಾಡಿತು. ಕೈಕೊಟ್ಟರೆ ಇರಲೆಂದು ಕಾರಿನಲ್ಲಿಡುವ ಎರಡನೆಯ ಪ್ಯಾರಾಚೂಟ್ ತೆರೆಯಿತು, ಆದರೆ ತಡವಾಗಿ. ಗಟ್ಟಿ ಉಪ್ಪು ಮುಗಿದು ಕೆಸರು ಶುರುವಾಗುವಲ್ಲಿ ಕಾರು ಮಗುಚಿ, ಉರುಳಿ, ಮತ್ತೆ ಮಗುಚಿತು.

ಆಂಬುಲೆನ್ಸಿನಲ್ಲಿ ಅವನ ತಲೆಯನ್ನು ಅಲುಗದಂತೆ ಹಿಡಿದುಕೊಂಡಿದ್ದವಳು ನಾನು. ಬೆನ್ನುಮೂಳೆ ಮುರಿದಿತ್ತು. ಪ್ರಜ್ಞೆಯಿತ್ತು. "ಬೂಟು ಕತ್ತರಿಸ್ಬೇಡಿ ಸಿಸ್ಟರ್, ಹೊಸದು," ಎಂದ.

ಪ್ಯಾರಾಚೂಟ್ ಯಾಕೆ ಅರಳಲಿಲ್ಲ ಎಂದು ಪರೀಕ್ಷಿಸಲು ಪರಿಣತರು ಬಂದರು. ಬಟ್ಟೆ ಕೆಸರಿನಲ್ಲಿ ಚೂರುಚೂರಾಗಿತ್ತು. ಹಗ್ಗ ಸಿಕ್ಕಿಕೊಂಡಿತ್ತೋ, ಪಕ್ಕದ ಗಾಳಿ ಹೊಡೆಯಿತೋ, ಎಂಜಿನ್ನಿನ ಉರಿ ತಗುಲಿತೋ, ಹೇಳಲಾಗುವುದಿಲ್ಲ ಎಂದರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ.

"ಹೊರಿಸಿದ್ರೆ ವಾಸಿಯಿತ್ತು," ಎನ್ನುತ್ತಾರೆ ನೋಲೀನ್. ಈ ಮಾತು ಬಂದಾಗ ಅವರು ಕೈಯಲ್ಲಿರುವ ಕೆಲಸ ಕೆಳಗಿಡುತ್ತಾರೆ. "ನಿನ್ನಿಂದಲೇ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ಅತ್ತು ಸುಮ್ನಾಗ್ತಿದ್ದೆ. ಗೊತ್ತಿಲ್ಲ ಅಂದ್ರು. ನಾನು ಆ ಬೆಳಿಗ್ಗೆ ಮಡಚಿದ್ದನ್ನ ಎಷ್ಟು ಸಲ ನೆನಪು ಮಾಡ್ಕೊಂಡೆ ಅಂತೀರಾ. ಪ್ರತಿ ಮಡಿಕೆ ನೆನಪಾಗ್ತಿತ್ತು. ಮಧ್ಯೆ ಯಾರೋ ಬಂದು ಮಾತಾಡಿಸಿದ್ರು, ಅದೂ ನೆನಪಿದೆ. ಕಡುಬು ಬೇಕಾ ಅಂತ ಕೇಳಿದ್ರು. ಬೇಡ ಅಂದೆ. ಆಮೇಲೆ ಎಲ್ಲಿ ಬಿಟ್ಟಿದ್ನೋ ಅಲ್ಲಿಂದಲೇ ಶುರು ಮಾಡಿದ್ನಾ? ಮಾಡಿದೆ ಅಂತಲೇ ಅನ್ಸತ್ತೆ. ಅನ್ಸತ್ತೆ, ಅಷ್ಟೇ."

ಆ ವರ್ಷ ಅವರು ಸಾಮಾನು ಬಕೆಟ್ಟಿಗೆ ತುಂಬಿಕೊಂಡು ಮನೆಗೆ ಹೋದರು. ಲಾರಿ ಹೊದಿಕೆ ಹೊಲಿದರು. ಮಡಚುವುದನ್ನು ಬಿಟ್ಟುಬಿಟ್ಟರು.

"ಮಡಚೋದು ಅಂದ್ರೆ ಯಾವುದನ್ನೂ ಮಡಚ್ತಿರ್ಲಿಲ್ಲ," ಎನ್ನುತ್ತಾರೆ ಕ್ಲಾರಿ. "ಹಾಸಿಗೆ ಚಾದರ ಕೂಡ. ಒಗೆದು ತಂದು ಹಾಗೇ ಗುಡ್ಡೆ ಹಾಕೋಳು. ನಾನೇ ಮಡಚ್ತಿದ್ದೆ. ನಾನು ಮಡಚಿದ ಚಾದರ ನೋಡಿದ್ರೆ ಹಂದಿ ಸುತ್ತಿಟ್ಟ ಹಾಗಿರ್ತಿತ್ತು. ಮೊದಲಾಗಿದ್ರೆ ಬೈದು ಬಿಚ್ಚಿ ಮತ್ತೆ ಮಡಚೋಳು. ಏನೂ ಅನ್ನಲಿಲ್ಲ. ಆಗ ನಂಗೆ ನಿಜವಾಗ್ಲೂ ಹೆದರಿಕೆ ಆಯ್ತು."

ಎರಡನೆಯ ವರ್ಷದ ಚಳಿಗಾಲದಲ್ಲಿ ಸ್ಟಾವ್ ಬಂದ. ಊರುಗೋಲು ಹಿಡಿದು, ಪಿಕಪ್ಪಿನಿಂದ ತಾನೇ ಇಳಿದು, ಒಂದು ಮೂಟೆ ಸಿಂಪಿಯನ್ನೂ ಒಂದು ಹೊಸ ಪ್ಯಾರಾಚೂಟ್ ಚೀಲವನ್ನೂ ಶೆಡ್ಡಿನ ಮೇಜಿನ ಮೇಲಿಟ್ಟ. ಆ ದಿನದ ಮಾತನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಹೆಚ್ಚೂಕಡಿಮೆ ಒಂದೇ.

"ಸಿಂಪಿ ನಿಂಗೆ. ಚೀಲ ಇರೀನಿಗೆ. ಲಿಂಡ್ಸೆ ಗಾಲಾ ರಿಪೇರಿ ಮಾಡಿದ್ದಾನೆ, ಅವಳು ಓಡಿಸ್ತಾಳಂತೆ."

"ನಿನ್ನ ಮಗಳಾ? ಹುಚ್ಚು ಹಿಡಿದಿದ್ಯಾ ನಿಂಗೆ?"

"ನಂಗಲ್ಲ, ಅವಳಿಗೆ. ಅವಳಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನಾನೇ ತಲೆ ಕೆಡಿಸಿದ್ದು ಅಂತ. ನಾನು ಬೇಡ ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ಇಪ್ಪತ್ತೆಂಟು ವರ್ಷ ಆಯ್ತು, ಕಟ್ಟಿಹಾಕೋಕಾಗತ್ತಾ?"

"ಅಡಿಲೇಡಲ್ಲಿ ಸೈನ್ಯದಲ್ಲಿದ್ದವರು ಇದ್ದಾರೆ. ಅವರ ಹತ್ರ ಹೋಗು."

"ಹೋಗಿದ್ದೆ. ಒಳ್ಳೆ ಜನ, ಒಳ್ಳೆ ಕೆಲಸ. ಮಡಚಿಕೊಟ್ಟು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡ್ತಾರೆ." ಸ್ಟಾವ್ ಊರುಗೋಲನ್ನು ಮೇಜಿಗೆ ಒರಗಿಸಿ ನಿಂತ. "ನಿಂಗೆ ನಿದ್ದೆ ಬರಲ್ಲ ಅಂತ ಕ್ಲಾರಿ ಹೇಳಿದ. ನನ್ನ ಮಗಳ ಚೀಲ ನಿದ್ದೆ ಬರದೇ ಇರೋರ ಕೈಲೇ ಇರ್ಬೇಕು ನೋಲ್."

ನೋಲೀನ್ ಆ ದಿನ ಚೀಲ ಮುಟ್ಟಲಿಲ್ಲ. ಸಿಂಪಿ ತಿಂದರು. ಮರುದಿನ ಬೆಳಿಗ್ಗೆ ಕ್ಲಾರಿ ಎದ್ದು ನೋಡಿದರೆ ಮನೆಯ ಚಾದರಗಳೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದವು.

ಅಲ್ಲಿಂದ ಈಚೆಗೆ ಟೋಪಿ ಬಂತು, ಅದರ ಜೊತೆ ಒಂದು ಕಟ್ಟುನಿಟ್ಟು. ಮಡಚುವಾಗ ಯಾರಾದರೂ ಮಾತಾಡಿಸಿದರೆ, ಅರ್ಧವಾಗಿರಲಿ, ಮುಗಿಯುತ್ತಾ ಬಂದಿರಲಿ, ಪೂರ್ತಿ ಬಿಚ್ಚಿ ಮೊದಲಿನಿಂದ. ಕಾವಲಿಗೆ ಕ್ಲಾರಿ. ಇರೀನಿ ಮೂರು ವರ್ಷ ಕಡಿಮೆ ವೇಗದಲ್ಲಿ ಓಡಿಸಿ ಕೈ ಪಳಗಿಸಿಕೊಂಡಳು. ಈ ವರ್ಷ ದಾಖಲೆಗೆ ಹೊರಟರು.

ಹಾಗೆ ಬಂತು ಬುಧವಾರ.

ಕೆರೆಯ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು. ಒಂದು ಸಲ ಓಡಿದರೆ ದಾಖಲೆಯಾಗುವುದಿಲ್ಲ. ಗಾಳಿ ಬೆನ್ನಿಗಿದ್ದು ನೂಕಿರಬಹುದು. ಹೋದ ದಾರಿಯಲ್ಲೇ ಒಂದು ಗಂಟೆಯೊಳಗೆ ತಿರುಗಿ ಓಡಬೇಕು. ಎರಡರ ಸರಾಸರಿಯೇ ಲೆಕ್ಕ. ಆ ಒಂದು ಗಂಟೆಯಲ್ಲಿ ಕಾರನ್ನು ತಿರುಗಿಸಿ, ಇಂಧನ ತುಂಬಿ, ಚಕ್ರ ನೋಡಿ, ಹೊಸ ಪ್ಯಾರಾಚೂಟ್ ಹಾಕಬೇಕು.

ಬುಧವಾರ ಬೆಳಿಗ್ಗೆ ಇರೀನಿಯ ಮೊದಲ ಓಟ ಎಲ್ಲರ ಎಣಿಕೆಯನ್ನೂ ಮೀರಿತ್ತು. ರೇಡಿಯೊದಲ್ಲಿ ವೇಗ ಕೇಳಿದ ಲಿಂಡ್ಸೆ ಟೋಪಿ ತೆಗೆದು ನೆಲಕ್ಕೆ ಹೊಡೆದ. ಆದರೆ ಗೆರೆ ದಾಟಿದ ಮೇಲೆ ಪಕ್ಕದ ಗಾಳಿಗೆ ಕಾರು ಓಲಾಡಿದ್ದರಿಂದ ಇರೀನಿ ಎರಡೂ ಪ್ಯಾರಾಚೂಟ್‌ಗಳನ್ನು ಬಿಟ್ಟಿದ್ದಳು. ಎರಡೂ ಅರಳಿ ಕಾರನ್ನು ನಿಲ್ಲಿಸಿದವು. ಈಗ ಮಡಚಿ ಸಿದ್ಧವಾಗಿ ಇದ್ದದ್ದು ಒಂದು. ಬೇಕಾದದ್ದು ಎರಡು.

ನೋಲೀನ್ ಅಲ್ಲೇ, ಕೆರೆಯ ಆಚೆ ತುದಿಯಲ್ಲಿ, ಟಾರ್ಪಾಲು ಹಾಸಿ ಕುಳಿತರು. ಟೋಪಿ ಹಾಕಿಕೊಂಡರು. ಕ್ಲಾರಿ ಅಲ್ಲಿರಲಿಲ್ಲ. ಇಷ್ಟೆಲ್ಲ ಬೇಕಾಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ, ಅವರು ಈಚೆ ತುದಿಯ ಶಿಬಿರದಲ್ಲಿ ಈರುಳ್ಳಿ ಹುರಿಯುತ್ತಿದ್ದರು. ಬಟ್ಟೆ ಚಾಚಿದ್ದಾಯಿತು, ಹಗ್ಗ ಬಿಡಿಸಿದ್ದಾಯಿತು, ಮಡಿಕೆಗಳು ಮುಗಿದು ಚೀಲಕ್ಕೆ ತುಂಬುತ್ತಿದ್ದರು. ಕಾರು ತಿರುಗಿ ಸಿದ್ಧವಾಗಿತ್ತು. ಇರೀನಿ ಒಳಗೆ ಕುಳಿತು ಪಟ್ಟಿ ಬಿಗಿದುಕೊಂಡಿದ್ದಳು. ಲಿಂಡ್ಸೆ ಅತ್ತಿಂದಿತ್ತ ನಡೆದ, ಗಡಿಯಾರ ನೋಡಿದ, ಮತ್ತೆ ನಡೆದ. ತಡೆಯಲಾಗಲಿಲ್ಲ.

"ನೋಲ್, ಇನ್ನೆಷ್ಟು ಹೊತ್ತು?"

ನೋಲೀನ್ ಕೈ ನಿಂತಿತು. ಆಮೇಲೆ ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ಬಿಚ್ಚಿ, ತುಂಬಿದ್ದ ಬಟ್ಟೆಯನ್ನೆಲ್ಲ ಚೀಲದಿಂದ ಹೊರಗೆಳೆದರು.

"ಏನ್ ಮಾಡ್ತಿದ್ದೀಯಾ ಮಾರಾಯ್ತಿ?"

"ಮೊದಲಿಂದ."

"ನೋಲ್! ಟೈಮ್ ಇಲ್ಲ!"

"ಗೊತ್ತು."

"ನಾನು ಒಂದೇ ಒಂದು ಮಾತು ಕೇಳಿದ್ದು! ಎಲ್ಲಿದ್ದೆ ಅಂತ ನಿಂಗೆ ನೆನಪಿಲ್ವಾ?"

"ನೆನಪಿದೆ. ಆವತ್ತೂ ನೆನಪಿತ್ತು."

ಲಿಂಡ್ಸೆ ಕಾರಿನ ಹತ್ತಿರ ಓಡಿದ. ಒಂದೇ ಪ್ಯಾರಾಚೂಟ್ ಹಾಕಿಕೊಂಡು ಹೋಗುತ್ತೀಯಾ ಎಂದು ಇರೀನಿಯನ್ನು ಕೇಳಲು ಬಾಯಿ ತೆರೆದ. ಅಲ್ಲಿ ಪಕ್ಕದಲ್ಲಿ ಪಿಕಪ್ಪಿನಲ್ಲಿ ಕುಳಿತಿದ್ದ ಸ್ಟಾವ್‌ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಅಷ್ಟರಲ್ಲಿ ಹೆಲ್ಮೆಟ್ಟಿನೊಳಗಿಂದ ಇರೀನಿಯೇ ಹೇಳಿದಳು. "ಅಂಕಲ್, ನೋಲ್ ಆಂಟಿ ಆಯ್ತು ಅಂದಾಗ ಮುಚ್ಚಳ ಹಾಕಿ. ಅಲ್ಲಿವರೆಗೆ ನಂಗೊಂದು ಸ್ಟ್ರಾ ಹಾಕಿ ನೀರು ಕೊಡಿ."

ನೋಲೀನ್ ಎದ್ದು ನಿಂತು ಟೋಪಿ ತೆಗೆದಾಗ ಗಂಟೆ ಮುಗಿದು ಸ್ವಲ್ಪ ಹೊತ್ತಾಗಿತ್ತು. ಸಮಯ ನೋಡುವವರು ರೇಡಿಯೊದಲ್ಲಿ ಅದನ್ನು ಮೆಲ್ಲಗೆ ಹೇಳಿದರು. ಕಾರನ್ನು ಗಾಡಿಗೆ ಕಟ್ಟಿ ಎಳೆದುಕೊಂಡು ಬಂದರು.

ಸಂಜೆ ಕ್ಲಾರಿಯ ಬೆಂಕಿಯ ಸುತ್ತ ತಂಡದವರು ಬಂದು ಕುಳಿತರು, ಊಟಕ್ಕೆ ಇನ್ನೆಲ್ಲೂ ಹೋಗುವಂತಿಲ್ಲವಾದ್ದರಿಂದ. ಲಿಂಡ್ಸೆ ಕೊನೆಗೆ ಬಂದ. ನೋಲೀನ್ ಎದುರು ನಿಂತ.

"ನಿನ್ ಮೇಲೆ ಸಿಟ್ಟು ಬಂದಿತ್ತು."

"ಬರ್ಲಿ."

"ಇನ್ನೂ ಇದೆ."

"ಇರ್ಲಿ. ಸಾಸೇಜ್ ತಿನ್ನು, ಆರಿಹೋಗತ್ತೆ."

"ಒಂಬತ್ತು ವರ್ಷ ನೋಲ್. ಒಂಬತ್ತು ವರ್ಷ ಆ ಶೆಡ್ಡಲ್ಲಿ ರಾತ್ರಿ ಹಗಲು—" ಅವನ ದನಿ ಒಡೆಯಿತು. ಗೋಧಿ ಬೆಳೆಯುವ ಆರಡಿ ಆಳು, ತಟ್ಟೆ ಹಿಡಿದುಕೊಂಡು ಬೇರೆ ಕಡೆ ನೋಡಿದ. ಕ್ಲಾರಿ ಅವನ ತಟ್ಟೆಗೆ ಹುರಿದ ಈರುಳ್ಳಿ ಹಾಕುತ್ತಾ, "ಕೂತ್ಕೊಂಡು ಅಳು ಮಾರಾಯ, ನಿಂತ್ಕೊಂಡು ಅತ್ರೆ ಈರುಳ್ಳಿ ಚೆಲ್ಲತ್ತೆ," ಎಂದರು. ಲಿಂಡ್ಸೆಗೆ ಅಳುವಿನ ಮಧ್ಯೆಯೇ ನಗು ಬಂತು. ಕುಳಿತ. ಒಂದು ಸಾಸೇಜ್ ತಿಂದ ಮೇಲೆ, ಯಾರಿಗೆಂದಿಲ್ಲದೆ, "ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು," ಎಂದ. ನೋಲೀನ್ ಅವನ ಕಡೆ ಬ್ರೆಡ್ಡು ಸರಿಸಿದರು. ಮಾತು ಅಲ್ಲಿಗೆ ಮುಗಿಯಿತು.

ಗುರುವಾರ ಶುಕ್ರವಾರ ಗಾಳಿ ಬಿಡಲಿಲ್ಲ. ಉಳಿದದ್ದು ಈ ಶನಿವಾರದ ಬೆಳಿಗ್ಗೆ.

ಈಗ ಸೂರ್ಯ ಮೇಲೆ ಬರುತ್ತಿದ್ದಾನೆ. ಉಪ್ಪು ಬೆಳ್ಳಗಾಗುತ್ತಿದೆ. ಗಾಳಿ ಬಿದ್ದಿದೆ. ನೋಲೀನ್ ಎದ್ದು ಟೋಪಿ ತೆಗೆದು ಬೆನ್ನು ನೆಟ್ಟಗೆ ಮಾಡುತ್ತಾರೆ. ಈ ಸಲ ಮಡಚಿ ಸಿದ್ಧವಿರುವ ಚೀಲಗಳು ನಾಲ್ಕು. ನಿನ್ನೆ ಇಡೀ ದಿನ ಪಿಕಪ್ಪಿನ ಹಿಂಬದಿಯ ಬಾಗಿಲು ಮುಚ್ಚಿಕೊಂಡು, ಆ ಸೆಕೆಯಲ್ಲಿ, ಇದನ್ನೇ ಮಾಡುತ್ತಿದ್ದರು. ಇವತ್ತು ಬೆಳಿಗ್ಗೆ ಕೊನೆಯದನ್ನು ಮತ್ತೆ ಬಿಚ್ಚಿ ಮಡಚಿದ್ದಾರೆ. ಯಾರೂ ಮಾತಾಡಿಸಿರಲಿಲ್ಲವಲ್ಲ ಎಂದರೆ, "ನಾನೇ ಮಾತಾಡಿಕೊಂಡೆ," ಎನ್ನುತ್ತಾರೆ.

ಮೊದಲ ಓಟ ಉತ್ತರದಿಂದ ದಕ್ಷಿಣಕ್ಕೆ. ನಾವು ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಕಡೆ ನಿಂತಿದ್ದೇವೆ. ಕಾರು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಬಿಸಿಲುಗುದುರೆಯ ಮೇಲೆ ತೇಲುವ ಒಂದು ಗುಲಾಬಿ ಚುಕ್ಕೆ. ಅದರ ಹಿಂದೆ ಉಪ್ಪಿನ ಬಿಳಿ ಮೋಡ. ಬಾಲದಿಂದ ಬಟ್ಟೆ ಹೊರಬೀಳುತ್ತದೆ, ಅರಳುತ್ತದೆ, ಕಾರು ನಿಲ್ಲುತ್ತದೆ. ತಂಡದವರು ಮುತ್ತಿಕೊಳ್ಳುತ್ತಾರೆ. ಮಡಚಿಟ್ಟ ಚೀಲ ಒಳಗೆ ಹೋಗುತ್ತದೆ. ಲಿಂಡ್ಸೆ ಕೆಲಸವಿದ್ದಷ್ಟು ಹೊತ್ತು ಕೈ ಆಡಿಸಿ, ಆಮೇಲೆ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡು. ಗಂಟೆ ಮುಗಿಯಲು ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಗಾಲಾ ತಿರುಗಿ ನಿಲ್ಲುತ್ತದೆ. ಲಿಂಡ್ಸೆಯೂ ನಾವೂ ಗಾಡಿ ಹತ್ತಿ, ಪಕ್ಕದ ದಾರಿಯಲ್ಲಿ, ಇನ್ನೊಂದು ತುದಿಗೆ ಧಾವಿಸುತ್ತೇವೆ.

ಎರಡನೆಯ ಓಟ. ಸ್ಟಾವ್ ತನ್ನ ಪಿಕಪ್ಪಿನಲ್ಲಿ ಕುಳಿತಿದ್ದಾನೆ. ಹೆಚ್ಚು ಹೊತ್ತು ನಿಲ್ಲಲು ಅವನ ಬೆನ್ನು ಬಿಡುವುದಿಲ್ಲ. ಬಾಗಿಲು ತೆರೆದಿದೆ, ಎಂಜಿನ್ ಚಾಲೂ ಇದೆ. ನೋಲೀನ್ ನನ್ನ ಪಕ್ಕದಲ್ಲಿ. ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾರೆ. ಗುಲಾಬಿ ಚುಕ್ಕೆ ಹುಟ್ಟುತ್ತದೆ, ದೊಡ್ಡದಾಗುತ್ತದೆ, ನಮ್ಮ ಎದುರು ಹಾದುಹೋಗುತ್ತದೆ. ಅದರ ಗುಡುಗು ಪಾದದಿಂದ ಎದೆಗೆ ಹತ್ತುತ್ತದೆ. ಗೆರೆ ದಾಟಿತು. ಬಾಲದಿಂದ ಮರಿ ಹಾರಿತು, ಅದರ ಹಿಂದೆ ತಾಯಿ ಹೊರಬಂತು.

ಬಂದದ್ದು ಅರಳಲಿಲ್ಲ. ಸಣ್ಣಗೆ, ಉದ್ದಕ್ಕೆ, ಕಾರಿನ ಹಿಂದೆ ಬಡಿದಾಡಿತು.

ನೋಲೀನ್ ನನ್ನ ಮಣಿಕಟ್ಟು ಹಿಡಿದರು. ಆ ಹಿಡಿತದ ನೋವು ಈಗಲೂ ಇದೆ. ಸ್ಟಾವ್‌ನ ಪಿಕಪ್ಪು ಗುರ್ರೆಂದು ಒಂದು ಮಾರು ಮುಂದಕ್ಕೆ ಜಿಗಿಯಿತು. ಎರಡು ಸಲ ಕಣ್ಣು ಮಿಟುಕಿಸುವಷ್ಟು ಹೊತ್ತು ಇರಬಹುದು. ಅಷ್ಟರಲ್ಲಿ ಬಟ್ಟೆಯ ಬಾಯಿ ಬಿಚ್ಚಿತು. ಗಾಳಿ ನುಗ್ಗಿತು. ಧಬ್ ಎಂಬ ಸದ್ದು ಕೆರೆಯ ಮೇಲೆ ತೇಲಿ ಬಂತು. ಕಿತ್ತಳೆ ಬಣ್ಣದ ದೊಡ್ಡ ಹೂವೊಂದು ಗಾಲಾದ ಬೆನ್ನ ಹಿಂದೆ ನಿಂತು, ಹಲ್ಲು ಕಚ್ಚಿ ಹಿಂದಕ್ಕೆ ಜಗ್ಗತೊಡಗಿತು.

ಸ್ಟಾವ್ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟ. ಹಾರ್ನ್ ಒತ್ತಿಕೊಂಡಿತು. ಅವನು ತಲೆ ಎತ್ತಲಿಲ್ಲ, ಹಾರ್ನ್ ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ಕೇಳಿ ದೂರದ ಶಿಬಿರದಲ್ಲಿದ್ದ ಲಾರಿಗಳೂ ಪಿಕಪ್ಪುಗಳೂ ಹಾರ್ನ್ ಹೊಡೆಯತೊಡಗಿದವು. ರೇಡಿಯೊದಲ್ಲಿ ವೇಗ ಹೇಳಿದ್ದು ನಮಗೆ ಕೇಳಿಸಲೇ ಇಲ್ಲ. ಲಿಂಡ್ಸೆ ಉಪ್ಪಿನ ಮೇಲೆ ಮಂಡಿಯೂರಿದ್ದನ್ನು ನೋಡಿ ದಾಖಲೆಯಾಯಿತೆಂದು ತಿಳಿದುಕೊಂಡೆವು. ಈ ಕೆರೆಯ ಮೇಲೆ ಇಷ್ಟು ವೇಗವಾಗಿ ಯಾರೂ ಓಡಿರಲಿಲ್ಲ.

ಎಲ್ಲರೂ ಕಾರಿನ ಕಡೆ ಓಡಿದರೆ ನೋಲೀನ್ ಪ್ಯಾರಾಚೂಟಿನ ಕಡೆ ನಡೆದರು. ಉಪ್ಪಿನ ಹರಳು ನೂಲಿನೊಳಗೆ ಹೊಕ್ಕರೆ ಬ್ಲೇಡಿನ ಹಾಗೆ ಕುಯ್ಯುತ್ತದೆ, ಬೇಗ ಎತ್ತಬೇಕು. ಅವರು ಬಾಗಿ ಹಗ್ಗ ಸುತ್ತಿಕೊಳ್ಳುತ್ತಿರುವಾಗ, ತನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಬಂದವರನ್ನೆಲ್ಲ ನೂಕಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಇರೀನಿ ಓಡಿಬಂದಳು.

"ಆಂಟೀ! ಎಂಥಾ ಜಗ್ಗು ಅಂತೀಯಾ! ಹಿಂದಿನಿಂದ ಯಾರೋ ಕಾಲರ್ ಹಿಡಿದು ಎಳೆದ ಹಾಗೆ!"

"ನಾನೇ ಕಣೇ ಹಿಡಿದಿದ್ದು," ಎಂದರು ನೋಲೀನ್. "ಸ್ವಲ್ಪ ತಡ ಮಾಡ್ತಲ್ಲ ಅದು. ಹೆದರಿದ್ಯಾ?"

"ತಡ ಆಯ್ತಾ? ನಂಗೆ ಗೊತ್ತೇ ಆಗ್ಲಿಲ್ಲ."

"ಒಳ್ಳೇದಾಯ್ತು." ಅವರು ಹಗ್ಗದ ಸುರುಳಿಯನ್ನು ಅವಳ ತೋಳಿಗೆ ಹಾಕಿದರು. "ಹಿಡ್ಕೋ. ನೆಲಕ್ಕೆ ತಾಗಿಸ್ಬೇಡ."

ಆಮೇಲೆ ಸ್ಟಾವ್ ಬಂದ, ಊರುಗೋಲು ಉಪ್ಪಿನಲ್ಲಿ ಕಚಕ್ ಕಚಕ್ ಎನ್ನುತ್ತಿತ್ತು. ಮಗಳನ್ನು ಒಂದು ತೋಳಲ್ಲಿ ಅಪ್ಪಿಕೊಂಡ. ಬಾಗಿ, ಬೆನ್ನು ನೋಯುತ್ತಿದ್ದರೂ ಬಾಗಿ, ಪ್ಯಾರಾಚೂಟಿನ ಒಂದು ತುದಿ ಎತ್ತಿಕೊಂಡ. ಮೂವರೂ ಅದನ್ನು ಹೊತ್ತು ಗಾಡಿಯ ಕಡೆ ಬಂದರು. ಮಧ್ಯಾಹ್ನ ಮಳೆ ಹನಿಯಿತು.

ಅದಾದ ಮೇಲೆ, ಮೊನ್ನೆ ಮಂಗಳವಾರ, ಡ್ಯೂಟಿ ಮುಗಿಸಿ ನೋಲೀನ್ ಶೆಡ್ಡಿಗೆ ಹೋಗಿದ್ದೆ. ಕುರಿ ಸಾಗಿಸುವ ಲಾರಿಯೊಂದರ ಹೊದಿಕೆ ಯಂತ್ರದ ಮೇಲಿತ್ತು. ಗೋಡೆಯುದ್ದಕ್ಕೂ, ಸಿಹಿನೀರಲ್ಲಿ ಜಾಲಿಸಿದ ಪ್ಯಾರಾಚೂಟ್‌ಗಳು ಒಣಗುತ್ತಿದ್ದವು. ದಾಖಲೆಯ ದಿನ ಅದು ಯಾಕೆ ತಡವಾಗಿ ಅರಳಿತು ಎಂದು ಕೇಳಿದೆ. ಲಿಂಡ್ಸೆ ತೆಗೆದ ವಿಡಿಯೊವನ್ನು ನಿಧಾನ ಮಾಡಿ ನೋಡಿದ್ದಾರಂತೆ. ಪಕ್ಕದಿಂದ ಬೀಸಿದ ಒಂದು ಸಣ್ಣ ಗಾಳಿ ಬಟ್ಟೆಯ ಬಾಯನ್ನು ಒತ್ತಿ ಹಿಡಿದಿತ್ತು. ಹಗ್ಗಗಳು ನೆಟ್ಟಗಿದ್ದವು, ಒಂದೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಗಾಳಿ ಸರಿದ ಕೂಡಲೇ ಅರಳಿತು.

"ಹಾಗಾದ್ರೆ ಸ್ಟಾವ್‌ಗೆ ಆದದ್ದೂ ಅದೇ ಇರಬಹುದಲ್ವಾ?"

"ಇರಬಹುದು," ಎಂದರು. ಯಂತ್ರದ ಚಕ್ರದ ಮೇಲೆ ಅಂಗೈಯಿಟ್ಟು ನಿಲ್ಲಿಸಿದರು. "ಇರಬಹುದು ಅನ್ನೋ ಮಾತು ಮೊದಲಿನಷ್ಟು ಚುಚ್ಚಲ್ಲ ಸಿಸ್ಟರ್. ಈ ವಾರ ಎರಡು ದಿನ ನಿದ್ದೆ ಬಂತು."

"ನಿದ್ದೆ ಅಂದ್ರೆ ಗೊರಕೆ," ಎಂದರು ಬಾಗಿಲಲ್ಲಿ ಕಡುಬಿನ ಪೊಟ್ಟಣ ಹಿಡಿದು ನಿಂತಿದ್ದ ಕ್ಲಾರಿ. "ಆರು ವರ್ಷದ ಬಾಕಿ ಒಟ್ಟಿಗೇ ತೀರಿಸಿದ್ಲು. ನಂಗೆ ನಿದ್ದೆ ಹೋಯ್ತು."

ಲಿಂಡ್ಸೆ ಗಾಲಾಗೆ ಹೊಸ ಬಣ್ಣ ಬಳಿಯುತ್ತಿದ್ದಾನಂತೆ. ಚಾಲಕಿ ಕೂರುವ ಕಡೆ ಇರೀನಿಯ ಹೆಸರು ಬರೆಸುತ್ತಾನೆ, ಅದರ ಕೆಳಗೆ ನಿನ್ನದನ್ನೂ ಬರೆಸುತ್ತೇನೆ ಎಂದು ಫೋನ್ ಮಾಡಿದ್ದ. ನೋಲೀನ್ ಒಪ್ಪಿಲ್ಲ.

"ಯಾಕೆ? ನಿಮ್ಮ ಹೆಸರು ಕಾರಿನ ಮೇಲಿರೋದು ಬೇಡ್ವಾ?"

"ಬೇಡ ಅಂತ ಯಾರು ಹೇಳಿದ್ರು?" ನೋಲೀನ್ ಕಡುಬಿನ ಚೂರನ್ನು ಬಾಯಿಗೆ ಹಾಕಿಕೊಂಡು, ಬಟ್ಟೆಗೆ ತಾಗದ ಹಾಗೆ ಕೈ ದೂರ ಹಿಡಿದು ಒರೆಸಿಕೊಂಡರು. "ಹಿಂದುಗಡೆ, ಚೀಲ ಇಡ್ತೀವಲ್ಲ, ಅದಕ್ಕೊಂದು ಮುಚ್ಚಳ ಇದೆ, ಪ್ಯಾರಾಚೂಟ್ ಹಾರೋವಾಗ ತೆರ್ಕೊಳ್ಳತ್ತೆ. ಆ ಮುಚ್ಚಳದ ಒಳಬದಿಗೆ ಬರಿ ಅಂದೆ. ಸಣ್ಣ ಅಕ್ಷರ ಸಾಕು. ಒಳಗಡೆ ಬರೆದ್ರೆ ಯಾರಿಗೆ ಕಾಣತ್ತೆ ಅಂದ. ಅದು ತೆರ್ಕೊಂಡಾಗ ಕಾಣ್ಲಿ, ಸಾಕು."